ನಡೆದಾಡಿದ ಲೇಬಲ್‌ಗಳು

ಓರಗಿತ್ತಿಯರಿಬ್ಬರೂ ಒಂದೇ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಅತ್ತೆ ಮನೆಯಲ್ಲಿ ದೊಡ್ಡವಳು, ಚಿಕ್ಕವಳು ಎಂದು ಕರೆಯುತ್ತಿದ್ದುದೇ ಅಂಗಡಿಯಲ್ಲೂ ಅಂಟಿಕೊಂಡಿತ್ತು. ಮೊಳೆ, ಬಲ್ಬು, ಬಕೆಟ್ಟು, ಪರದೆ, ಬಣ್ಣದ ಡಬ್ಬಿ, ಹೀಗೆ ಮನೆಗೆ ಬೇಕಾದ ಸಾಮಾನೆಲ್ಲ ಸಿಗುವ ಎರಡಂತಸ್ತಿನ ಅಂಗಡಿ. ದೊಡ್ಡವಳು ಬಣ್ಣದ ಸಾಲಿನ ಉಸ್ತುವಾರಿ. ಚಿಕ್ಕವಳನ್ನು ಬಿಲ್ ಕೌಂಟರಿಗೆ ಸೇರಿಸಿದ್ದು ಅವಳೇ. “ನನ್ನ ಮೈದುನನ ಹೆಂಡತಿ, ತುಂಬಾ ಚುರುಕು” ಎಂದು ಮ್ಯಾನೇಜರಿಗೆ ಶಿಫಾರಸು ಮಾಡಿದ್ದಳು. ಆ ಮಾತನ್ನು ವಾಪಸ್ ತೆಗೆದುಕೊಳ್ಳುವಂತಿದ್ದರೆ ಎಂದು ಆಮೇಲೆ ಅವಳಿಗೆ ಎಷ್ಟೋ ಸಲ ಅನಿಸಿತು.

ಹಾಗೆ ಅನಿಸಿದ್ದು ಹೊಸ ಲೇಬಲ್‌ಗಳು ಬಂದಾಗ. ಅಲ್ಲಿಯವರೆಗೆ ಬೆಲೆಯನ್ನು ಕಾಗದದ ಚೀಟಿಯಲ್ಲಿ ಬರೆದು ಕಪಾಟಿನ ಅಂಚಿಗೆ ಸಿಕ್ಕಿಸುತ್ತಿದ್ದರು. ಈಗ ಅದರ ಜಾಗಕ್ಕೆ ಬೆಂಕಿಪೊಟ್ಟಣದಷ್ಟು ಅಗಲದ, ಬ್ಯಾಟರಿಯ ಮೇಲೆ ನಡೆಯುವ ಪುಟ್ಟ ಫಲಕಗಳು ಬಂದವು. ಬೆಲೆ ಬದಲಾಯಿಸಬೇಕಾದರೆ ಕಂಪ್ಯೂಟರಿನಿಂದಲೇ ಬದಲಾಯಿಸಬಹುದು. ಅದಕ್ಕಿಂತ ಹೆಚ್ಚಿನದೆಂದರೆ, ಪ್ರತಿ ಲೇಬಲ್ಲೂ ಆಗಾಗ ಒಂದು ಸಣ್ಣ ಸಂಕೇತ ಕಳಿಸುತ್ತಿತ್ತು. ಛಾವಣಿಯಲ್ಲಿ ಕೂರಿಸಿದ ಬಿಳಿ ಡಬ್ಬಿಗಳು ಅದನ್ನು ಹಿಡಿದು, ಯಾವ ಲೇಬಲ್ ಯಾವ ಕಪಾಟಿನಲ್ಲಿದೆ ಎಂದು ತಾವೇ ಲೆಕ್ಕ ಹಾಕಿ, ಕಂಪ್ಯೂಟರ್ ಪರದೆಯ ಮೇಲಿನ ನಕ್ಷೆಯಲ್ಲಿ ಚುಕ್ಕಿ ಇಡುತ್ತಿದ್ದವು. ಯಾವ ಸಾಮಾನು ಎಲ್ಲಿದೆ ಎಂದು ಯಾರೂ ಹೋಗಿ ನೋಡಬೇಕಿರಲಿಲ್ಲ, ಯಾರನ್ನೂ ಕೇಳಬೇಕಿರಲಿಲ್ಲ.

ಮೊದಲೆಲ್ಲ ಕೇಳುತ್ತಿದ್ದುದು ದೊಡ್ಡವಳನ್ನೇ.

ಲೇಬಲ್ ಕಂಪನಿಯ ಎಂಜಿನಿಯರ್, ತರಬೇತಿಗೆ ಅಂಗಡಿಯಿಂದ ಒಬ್ಬರು ಬೇಕು ಎಂದ. ಕರೆ ತನಗೇ ಬರುತ್ತದೆಂದು ದೊಡ್ಡವಳು ಆ ದಿನ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಮ್ಯಾನೇಜರ್ ಅವಳನ್ನು ದಾಟಿಕೊಂಡು ಹೋಗಿ ಬಿಲ್ ಕೌಂಟರಿನ ಮುಂದೆ ನಿಂತ. “ಚಿಕ್ಕವಳೇ, ನೀನು ಹೋಗಮ್ಮ.”

ಅಂದಿನಿಂದ ಚಿಕ್ಕವಳಿಗೆ ಮೇಲಿನ ಆಫೀಸಿನಲ್ಲಿ ತಿರುಗುವ ಕುರ್ಚಿ. ದೊಡ್ಡವಳಿಗೆ ಆ ಕುರ್ಚಿಯ ಕಿರ್ ಸದ್ದು ಕೆಳಗಿನ ಬಣ್ಣದ ಸಾಲಿಗೂ ಕೇಳಿಸಿದಂತಾಗುತ್ತಿತ್ತು. ಮನೆಗೆ ಹೋದರೂ ನೆಮ್ಮದಿಯಿಲ್ಲ. “ಅವಳಿಗೆ ದಿನವಿಡೀ ಪರದೆ ನೋಡಿ ಕಣ್ಣು ಸೋತಿರುತ್ತೆ. ಪಾತ್ರೆ ನೀನೇ ತೊಳೆದುಬಿಡು” ಎಂದರು ಅತ್ತೆ. ದಿನವಿಡೀ ಡಬ್ಬಿ ಎತ್ತಿ ಸೋತ ಕೈಗಳ ವಿಷಯ ಯಾರ ಬಾಯಲ್ಲೂ ಬರಲಿಲ್ಲ. ದೊಡ್ಡವಳು ಪಾತ್ರೆ ತೊಳೆದ ಸದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

ಗಂಡ ಮೆಲ್ಲಗೆ ಬಾಗಿಲಲ್ಲಿ ನಿಂತ. “ಏನಾಯ್ತೇ?”

“ಏನೂ ಆಗಿಲ್ಲ. ನಿಮ್ಮ ತಮ್ಮನ ಹೆಂಡತಿ ಮಹಾರಾಣಿ ಆಗಿದ್ದಾಳೆ, ಅಷ್ಟೇ.”

ಮಾಲೀಕರು ಹೊಸ ವ್ಯವಸ್ಥೆಯನ್ನು ನೋಡಲು ಬರುವ ದಿನ ಗೊತ್ತಾಯಿತು. ಅವತ್ತು ಬೆಳಿಗ್ಗೆ ಬಣ್ಣದ ಸಾಲಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ದೊಡ್ಡವಳು ಕಪಾಟಿನಂಚಿನಿಂದ ಒಂದು ಹಿಡಿ ಲೇಬಲ್ ಕಿತ್ತು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ನಕ್ಷೆಯಲ್ಲಿ ಅಷ್ಟು ಜಾಗ ಖಾಲಿ ಕಾಣುತ್ತದೆ, ಮಾಲೀಕರು ಹುಬ್ಬು ಗಂಟಿಕ್ಕುತ್ತಾರೆ, ಚಿಕ್ಕವಳು ತಡವರಿಸುತ್ತಾಳೆ. ಅವಳು ತಡವರಿಸುವುದನ್ನು ಒಂದು ಸಲ, ಒಂದೇ ಒಂದು ಸಲ ನೋಡಬೇಕಿತ್ತು. ಲೇಬಲ್ ಜೇಬಿಗೆ ಬಿದ್ದರೆ ಬಾಯಿ ಮುಚ್ಚಿಕೊಳ್ಳುತ್ತದೆ ಎಂದೇ ಅವಳು ತಿಳಿದಿದ್ದಳು. ಆ ಧೈರ್ಯದಲ್ಲಿ ಚಹಾದ ಕೋಣೆಗೆ ಹೋಗಿ ಚಹಾ ಕುಡಿದಳು, ಬಚ್ಚಲಿಗೆ ಹೋಗಿ ಮುಖ ತೊಳೆದಳು, ಮೆಟ್ಟಿಲು ಹತ್ತಿ ಆಫೀಸಿಗೆ ಬಂದಳು.

ಆಫೀಸಿನಲ್ಲಿ ಆಗಲೇ ಮಾಲೀಕರ ಸುತ್ತ ಎಲ್ಲರೂ ಗುಂಪುಗೂಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಗೋಡೆಯ ದೊಡ್ಡ ಪರದೆಯಲ್ಲಿ ಅಂಗಡಿಯ ನಕ್ಷೆ. ಚುಕ್ಕಿಗಳೆಲ್ಲ ತಮ್ಮ ತಮ್ಮ ಸಾಲಿನಲ್ಲಿ ಸುಮ್ಮನಿದ್ದವು. ಒಂದು ಗೊಂಚಲು ಮಾತ್ರ ಸುಮ್ಮನಿರಲಿಲ್ಲ.

“ಬಣ್ಣದ ಡಬ್ಬಿಗಳಿಗೆ ಕಾಲು ಬಂದಿದೆ ಸಾರ್!” ಎಂದ ಗೋದಾಮಿನವನು. “ಮೊದಲು ಚಹಾ ಕುಡಿದ್ವು. ಆಮೇಲೆ ಹೆಂಗಸರ ಬಚ್ಚಲಿಗೆ ಹೋದ್ವು. ಈಗ ನೋಡಿ, ಮೆಟ್ಟಿಲು ಹತ್ತಿ…” ಅವನ ನಗು ಅಲ್ಲಿಗೇ ನಿಂತಿತು. “ಈ ಕೋಣೆಗೇ ಬಂದುಬಿಟ್ವಲ್ಲ!”

ದೊಡ್ಡವಳ ಕೈ ತಾನಾಗಿಯೇ ಜೇಬಿನ ಮೇಲೆ ಹೋಯಿತು.

ಮಾಲೀಕರು ನಗಲಿಲ್ಲ. “ಇಲ್ಲಿರೋ ಯಾರ ಹತ್ರಾನೋ ಇದೆ ಅಂತಾಯ್ತು.”

“ಪ್ರತಿ ಲೇಬಲ್ಲಿಗೂ ಒಂದು ದೀಪ ಇದೆ ಸಾರ್,” ಎಂದ ಮ್ಯಾನೇಜರ್. “ಚಿಕ್ಕವಳೇ, ಹೊತ್ತಿಸು. ಯಾರು ಅಂತ ನೋಡೇಬಿಡೋಣ.”

ಚಿಕ್ಕವಳು ಕುರ್ಚಿಯನ್ನು ತಿರುಗಿಸಿ ಗುಂಪಿನ ಮೇಲೆ ಕಣ್ಣಾಡಿಸಿದಳು. ಆ ಕಣ್ಣು ಕೊನೆಯಲ್ಲಿ ನಿಂತಿದ್ದ ದೊಡ್ಡವಳ ಮುಖದ ಮೇಲೆ, ಅಲ್ಲಿಂದ ಜೇಬಿನ ಮೇಲಿದ್ದ ಕೈಯ ಮೇಲೆ ಬಂದು ನಿಂತಿತು. ಅವಳ ಮುಖ ಒಮ್ಮೆ ಕೆಂಪಾಯಿತು. ಆಮೇಲೆ ಏನೂ ಆಗದವಳಂತೆ ನಕ್ಕಳು.

“ನಾನೇ ಕೊಟ್ಟು ಕಳಿಸಿದ್ದು ಸಾರ್. ಲೇಬಲ್ ಜಾಗ ಬಿಟ್ಟು ಹೋದ್ರೂ ನಮಗೆ ಗೊತ್ತಾಗುತ್ತೆ ಅಂತ ತೋರಿಸಬೇಕಿತ್ತು. ಅಕ್ಕ, ಮುಂದೆ ಬನ್ನಿ.”

ಅವಳು ಗುಂಡಿ ಒತ್ತಿದಳು. ಏಪ್ರನ್ನಿನ ಬಟ್ಟೆಯೊಳಗಿಂದ ಹಸಿರು ದೀಪಗಳು ಮಿಣುಕತೊಡಗಿದವು. ಮಾಲೀಕರು ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. “ಭೇಷ್! ಒಳ್ಳೇ ನಾಟಕ ಆಡಿದ್ರಿ ಇಬ್ಬರೂ.” ದೊಡ್ಡವಳು ಹಲ್ಲು ಕಾಣುವಂತೆ ತುಟಿ ಅಗಲಿಸಿದಳು. ಸಿಕ್ಕಿಬಿದ್ದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಉಳಿಸಿದವಳು ಚಿಕ್ಕವಳಲ್ಲವೆ.

ಸಂಜೆ ಇಬ್ಬರೂ ಬಸ್ಸಿನಲ್ಲಿ ಅಕ್ಕಪಕ್ಕ ಕೂತರು. ಮೊದಲು ದೊಡ್ಡವಳೇ ಬಾಯಿಬಿಟ್ಟಳು.

“ಯಾಕೆ ಉಳಿಸಿದೆ?”

“ನಿಮ್ಮನ್ನಲ್ಲ, ನನ್ನ ಕೆಲಸ ಉಳಿಸ್ಕೊಂಡೆ. ನನ್ನನ್ನ ಸೇರಿಸಿದ್ದು ನೀವೇ ತಾನೆ?” ಚಿಕ್ಕವಳು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು. “ನಾನೇನು ದೇವತೆ ಅಂದ್ಕೋಬೇಡಿ. ಅಲ್ಲೇ ಎಲ್ಲರ ಮುಂದೆ ಹೇಳಿಬಿಡೋಣ ಅನ್ನಿಸ್ತು. ಹೇಳಿದ್ರೆ ಮನೇಲಿ ನಾಳೆಯಿಂದ ಒಂದೇ ಒಲೆ ಮುಂದೆ ಹೇಗೆ ನಿಲ್ಲೋದು? ನನಗೆ ನಿಮ್ಮ ಮೇಲೆ ಎಷ್ಟು ಸಿಟ್ಟು ಬಂದಿದೆ ಗೊತ್ತಾ?”

“ಬಯ್ಯಿ ಮತ್ತೆ.”

“ಬಸ್ಸಲ್ಲಿ ಬೇಡ.”

ಮನೆಯ ಬೀದಿಯ ತಿರುವಿನಲ್ಲಿ ಇಳಿದು, ಮುಚ್ಚಿದ ಒಂದು ಗ್ಯಾರೇಜಿನ ಮುಂದೆ ನಿಂತು ಚಿಕ್ಕವಳು ಬಯ್ದಳು. ಮದುವೆಯಾಗಿ ಬಂದಾಗಿನಿಂದ ನುಂಗಿಕೊಂಡಿದ್ದನ್ನೆಲ್ಲ ಸೇರಿಸಿ ಬಯ್ದಳು. ದೊಡ್ಡವಳೂ ಸುಮ್ಮನಿರಲಿಲ್ಲ, ಪಾತ್ರೆಯ ವಿಷಯ ತೆಗೆದಳು. “ಅತ್ತೆ ಹೇಳಿದ್ದು ನನಗೇನು ಗೊತ್ತು? ನನ್ನ ಕೈಗೆ ಕೊಟ್ಟಿದ್ರೆ ನಾನು ತೊಳೀತಿರಲಿಲ್ವಾ?” ಎಂದಳು ಚಿಕ್ಕವಳು. ಇಬ್ಬರೂ ಮೂಗು ಒರೆಸಿಕೊಂಡು ಮನೆಯೊಳಗೆ ಹೋದರು.

ಮರುದಿನ ದೊಡ್ಡವಳು ಲೇಬಲ್‌ಗಳನ್ನು ತಾನೇ ಕಪಾಟಿಗೆ ಸಿಕ್ಕಿಸಿದಳು. ಬಿಡುವು ಸಿಕ್ಕಾಗ ಮೇಲೆ ಹೋಗಿ, “ನನಗೂ ಕಲಿಸು” ಎಂದಳು. ಚಿಕ್ಕವಳಿಗೆ ಕಲಿಸುವ ತಾಳ್ಮೆ ಇರಲಿಲ್ಲ, ದೊಡ್ಡವಳಿಗೆ ಕೇಳುವ ತಾಳ್ಮೆ ಇರಲಿಲ್ಲ. ಕಿತ್ತಾಡಿಕೊಂಡೇ ಕಲಿತಳು. ನಕ್ಷೆಯ ಮುಂದೆ ಕೂತಾಗ, ಇದು ನಿಜಕ್ಕೂ ಒಳ್ಳೆಯ ಕೆಲಸ ಎಂದು ಅವಳು ಒಪ್ಪಿಕೊಳ್ಳಲೇಬೇಕಾಯಿತು. ಹೊಟ್ಟೆಕಿಚ್ಚು ಆರಲಿಲ್ಲ. ಒಂದು ದಿನ ಗಂಡನ ಹತ್ತಿರ ಹೇಳಿಯೂಬಿಟ್ಟಳು. “ನನಗೆ ಅವಳ ಮೇಲೆ ಹೊಟ್ಟೆಕಿಚ್ಚು ರೀ.”

“ಗೊತ್ತು,” ಎಂದ ಅವನು, ಪೇಪರಿನಿಂದ ತಲೆಯೆತ್ತದೆ. “ಬೀದಿಗೆಲ್ಲ ಗೊತ್ತು.”

ಮಾಲೀಕರು ಬೇರೆ ಊರಿನಲ್ಲಿ ಇನ್ನೂ ದೊಡ್ಡ ಅಂಗಡಿ ತೆರೆದರು. ಅಲ್ಲಿ ಲೇಬಲ್ ಹಾಕಿಸಲು ಚಿಕ್ಕವಳನ್ನು ಕಳಿಸುವುದೆಂದಾಯಿತು. ಇಲ್ಲಿಯ ಪರದೆ ದೊಡ್ಡವಳ ಪಾಲಿಗೆ ಬಂತು. ಹೊರಡುವ ಬೆಳಿಗ್ಗೆ ಚಿಕ್ಕವಳ ಗಂಡ ಪೆಟ್ಟಿಗೆ ಹಿಡಿದು ಮುಂದೆ ನಡೆದ. ದೊಡ್ಡವಳು ಬಾಗಿಲಲ್ಲಿ ಓರಗಿತ್ತಿಯ ಕೈ ಹಿಡಿದುಕೊಂಡಳು.

“ನನಗೆ ಹೊಟ್ಟೆ ಉರೀತಿದೆ ಕಣೇ,” ಎಂದಳು.

“ಗೊತ್ತು ಅಕ್ಕ.”

“ಕುರ್ಚಿ ಸಿಕ್ಕಿದ್ರೂ ಉರೀತಿದೆ.”

ಚಿಕ್ಕವಳು ಬೀದಿಗೆಲ್ಲ ಕೇಳುವಂತೆ ನಕ್ಕಳು. ದೊಡ್ಡವಳಿಗೆ ನಗು ಬರಲಿಲ್ಲ. ಚಿಕ್ಕವಳ ಹೆಗಲಿನಿಂದ ಜಾರುತ್ತಿದ್ದ ಚೀಲವನ್ನು ಸರಿಪಡಿಸಿ, “ಹೋಗಿ ಬಾ, ಬಸ್ ತಪ್ಪುತ್ತೆ” ಎಂದಳು.