ಈರುಳ್ಳಿ ಹಾಕದ ಅಚಾರಿ ಆಲೂ

ಮೈಸೂರಿನಿಂದ ಫೋನು ಬಂದದ್ದು ಭಾನುವಾರ ಬೆಳಗ್ಗೆ. ಕಾರ್ಗಿಲ್‌ನ ಯಾವುದೋ ಗುಡ್ಡ ಹತ್ತುವಾಗ ಕ್ಯಾಪ್ಟನ್ ಮಂಜುನಾಥ ಗುಂಡು ತಗಲಿ ಸತ್ತಿದ್ದ. ಸುದ್ದಿ ಕೇಳಿದ ತಮ್ಮ ಅಭಿರಾಮ್ ಅಳಲಿಲ್ಲ. ರಿಸೀವರನ್ನು ಮೆಲ್ಲಗೆ ಇಟ್ಟ, ಎದ್ದು ನಿಂತ, ನಡುಮನೆಯ ಗೋಡೆಗೆ ಗುದ್ದಿದ. ಅಮೆರಿಕದ ಬೆರ್ರಿಯೆಸಾದ ಆ ಅಪಾರ್ಟ್‌ಮೆಂಟಿನ ಗೋಡೆಗಳೆಲ್ಲ ಒಳಗೆ ಟೊಳ್ಳು. ಮುಷ್ಟಿ ಒಳಗೇ ಹೋಗಿ ಸಿಕ್ಕಿಕೊಂಡಿತು. ಎಳೆದು ತೆಗೆದಾಗ ಗೆಣ್ಣುಗಳ ಚರ್ಮ ಸುಲಿದು ಕಾರ್ಪೆಟ್ಟಿನ ಮೇಲೆ ರಕ್ತ ಹನಿಯಿತು. ಅದನ್ನು ಲೆಕ್ಕಿಸದೆ ಇನ್ನೊಮ್ಮೆ ಗುದ್ದಿದ.

ಜೊತೆಯಲ್ಲಿ ವಾಸವಿದ್ದ ಮುಕರ್ರಮ್ ಹಿಂದಿನಿಂದ ಅವನನ್ನು ತಬ್ಬಿ ಹಿಡಿದು, ರೂಮಿಗೆ ಕರೆದೊಯ್ದು, ಕೈಗೆ ಟವೆಲ್ಲು ಸುತ್ತಿದ.

ಮುಕರ್ರಮ್ ಧಾರವಾಡದವನು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುವಾಗ ಅಭಿರಾಮನ ಸಹಪಾಠಿ. ಹಾಸ್ಟೆಲಿನಲ್ಲಿ ಟೈಫಾಯ್ಡ್ ಬಂದು ಎದ್ದು ನಿಲ್ಲಲೂ ಆಗದೆ ಬಿದ್ದಿದ್ದ ಮುಕರ್ರಮನನ್ನು ಬೆನ್ನ ಮೇಲೆ ಹೊತ್ತು ಮೂರನೇ ಮಹಡಿಯಿಂದ ಇಳಿಸಿದವನು ಮಂಜುನಾಥ. ಹುಷಾರಾಗುವ ತನಕ ಅಣ್ಣತಮ್ಮಂದಿರು ತಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದರು. ಅಂದಿನಿಂದ ಮುಕರ್ರಮನ ಬಾಯಲ್ಲಿ ಅವನು ಮಂಜಣ್ಣ. ಈಗ ಆ ಮಂಜಣ್ಣ ಇಲ್ಲ. ಆದರೆ ಈ ಅಪಾರ್ಟ್‌ಮೆಂಟಿನಲ್ಲಿ ಸಾವಿನ ದುಃಖ ಅಭಿರಾಮನೊಬ್ಬನದು ಎಂದಾಗಿಬಿಟ್ಟಿತ್ತು. ಟಿಕೆಟ್ಟಿಗೆ ಏಜೆಂಟನಿಗೆ ಫೋನು ಮಾಡುವುದು, ಆಫೀಸಿಗೆ ತಿಳಿಸುವುದು, ರಕ್ತ ಒರೆಸುವುದು ಮುಕರ್ರಮನ ಪಾಲಿಗೆ ಬಂದವು. ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಒಂದಿಷ್ಟು ಅತ್ತು, ಮುಖ ತೊಳೆದು ಹೊರಗೆ ಬಂದ.

ಮನೆಯಲ್ಲಿ ಮೂರನೆಯವನೊಬ್ಬನಿದ್ದ, ಫರಾಜ್. ಪಾಕಿಸ್ತಾನದ ಮುಲ್ತಾನಿನವನು. ಇವರದೇ ಸ್ಟಾರ್ಟಪ್ಪಿನಲ್ಲಿ ಟೆಸ್ಟಿಂಗ್ ಕೆಲಸ. ಮೂವರೂ ಒಟ್ಟಿಗೆ ಬಾಡಿಗೆ ಹಂಚಿಕೊಂಡು ವರ್ಷವಾಗುತ್ತ ಬಂದಿತ್ತು. ಅಭಿರಾಮನಿಗೂ ಅವನಿಗೂ ಹಿಂದಿಯಲ್ಲೇ ಹರಟೆ, ಜಗಳ, ತಮಾಷೆ. ಯುದ್ಧ ಶುರುವಾದ ಮೇಲೆ ಮಾತ್ರ ಯಾರೂ ಹೇಳದೆಯೇ ಟಿವಿಯಲ್ಲಿ ನ್ಯೂಸು ಹಾಕುವುದು ನಿಂತುಹೋಗಿತ್ತು.

ಮಧ್ಯಾಹ್ನವಾದರೂ ಅಭಿರಾಮ್ ರೂಮಿನಿಂದ ಹೊರಬರಲಿಲ್ಲ. ಫರಾಜ್ ಅಡುಗೆಮನೆಯ ಬಾಗಿಲಲ್ಲಿ ಕೈ ಹೊಸೆಯುತ್ತ ನಿಂತು ಕೇಳಿದ, "ಸಾವಾದ ಮನೆಯಲ್ಲಿ ನಿಮ್ಮ ಕಡೆ ಏನು ತಿನ್ನುತ್ತಾರೆ?"

"ಈರುಳ್ಳಿ ಬೆಳ್ಳುಳ್ಳಿ ಹಾಕೋದಿಲ್ಲ ಅಭಿ ಮನೆಯವರು," ಎಂದ ಮುಕರ್ರಮ್. "ಯಾಕ?"

"ಒಂದು ತುತ್ತಾದರೂ ತಿನ್ನಲಿ. ನನಗೆ ಸರಿಯಾಗಿ ಬರುವುದು ಅಚಾರಿ ಆಲೂ ಒಂದೇ. ಈರುಳ್ಳಿ ಬಿಟ್ಟೇ ಮಾಡುತ್ತೇನೆ."

ಬೇಡ ಎನ್ನಬೇಕೆಂದು ಮುಕರ್ರಮನಿಗೆ ಅನ್ನಿಸಿತು. ಆದರೂ ಆಲೂಗಡ್ಡೆಯ ಚೀಲ ತೆಗೆದುಕೊಟ್ಟ. ಬೆಳಗ್ಗಿನಿಂದ ತಲೆ ತಗ್ಗಿಸಿಕೊಂಡೇ ಓಡಾಡುತ್ತಿದ್ದ ಫರಾಜನಿಗೂ ಏನಾದರೊಂದು ಮಾಡಬೇಕಿತ್ತು.

ಫರಾಜ್ ಆಲೂಗಡ್ಡೆ ಬೇಯಿಸಿ ಸಿಪ್ಪೆ ತೆಗೆದು ಹೋಳು ಮಾಡಿದ. ಬಾಣಲೆಯಲ್ಲಿ ಸಾಸಿವೆ ಎಣ್ಣೆ ಹೊಗೆಯಾಡುವಷ್ಟು ಕಾಯಿಸಿ ಸಾಸಿವೆ, ಸೋಂಪು, ಮೆಂತ್ಯ, ಜೀರಿಗೆ, ಕಲೌಂಜಿಯ ಕಪ್ಪು ಕಾಳು, ಒಣಮೆಣಸು, ಎಲ್ಲವನ್ನೂ ಒಟ್ಟಿಗೆ ಸುರಿದ. ಕಾಳುಗಳು ಚಟಪಟ ಸಿಡಿದವು. ಒಣಮೆಣಸು ಕಪ್ಪಾಗುವ ಮೊದಲು ಅರಿಶಿನ, ಉಪ್ಪು, ಆಲೂಗಡ್ಡೆ ಹಾಕಿ ತಿರುವಿದ. ಹುಳಿಗೆ ಮಾವಿನಕಾಯಿ ಪುಡಿ. ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆದಂಥ ಘಾಟು ಮನೆಯನ್ನೆಲ್ಲ ತುಂಬಿತು. ಎಣ್ಣೆ ಇನ್ನೂ ಹೋಳುಗಳ ಸುತ್ತ ಕುದಿಯುತ್ತಿತ್ತು.

ಆಗ ಅಭಿರಾಮ್ ಬಾಗಿಲು ತೆರೆದು ಬಂದ. ಕಣ್ಣು ಕೆಂಡದಂತಿದ್ದವು.

"ಏನಿದು?"

"ನಿನಗೋಸ್ಕರ. ಸ್ವಲ್ಪ ತಿನ್ನು," ಎಂದ ಫರಾಜ್.

"ನಿಮ್ಮೋರು ನಮ್ಮಣ್ಣನ್ನ ಕೊಲ್ತಾರೆ, ನೀನು ಇಲ್ಲಿ ಒಗ್ಗರಣೆ ಹಾಕ್ತಿದೀಯಾ?" ಅಭಿರಾಮ್ ಕಿರುಚಿದ್ದು ಕನ್ನಡದಲ್ಲಿ. ಫರಾಜನಿಗೆ ಮಾತು ಅರ್ಥವಾಗಲಿಲ್ಲ. ಏನೆಂದು ಕೇಳುವಷ್ಟರಲ್ಲಿ ಅಭಿರಾಮ್ ಬಾಣಲೆ ಕಿತ್ತುಕೊಂಡು ಅವನತ್ತ ಬೀಸಿದ.

ಫರಾಜ್ ಮುಖಕ್ಕೆ ತೋಳು ಅಡ್ಡ ಹಿಡಿದ. ಕುದಿವ ಎಣ್ಣೆ, ಕಾಳು, ಹೋಳು ಎಲ್ಲ ಆ ತೋಳಿನ ಮೇಲೆ ಬಿದ್ದವು. ಅವನು ಕಿರುಚಿದ ಕಿರುಚಾಟಕ್ಕೆ ಕೆಳಗಿನ ಮನೆಯ ನಾಯಿ ಬೊಗಳತೊಡಗಿತು. ಅಭಿರಾಮ್ ಬರಿ ಬಾಣಲೆಯಿಂದ ಅವನ ಭುಜಕ್ಕೆ ಬಾರಿಸಿದ. ಮತ್ತೆ ಎತ್ತಿದ.

"ಬಿಡೋ ಅಭಿ! ಸಾಯ್ತಾನವ, ಬಿಡು!" ಮುಕರ್ರಮ್ ನುಗ್ಗಿ ಬಾಣಲೆ ಕಿತ್ತು ಎಸೆದು ಇಬ್ಬರ ನಡುವೆ ನಿಂತ.

ಅಭಿರಾಮ್ ಏದುಸಿರು ಬಿಡುತ್ತ ಅವನನ್ನು ಮೇಲಿಂದ ಕೆಳಗೆ ನೋಡಿದ. "ಗೊತ್ತಿತ್ತು ಕಣೋ. ಎಷ್ಟಾದ್ರೂ ನೀನು ಅವರೋನೇ. ಮಂಜಣ್ಣ ಸತ್ತಿದ್ದು ಒಳಗೊಳಗೇ ಖುಷಿ ತಾನೆ ನಿಂಗೆ?"

"ಏನಂದಿ?"

"ಖುಷಿ ತಾನೆ ಅಂದೆ."

ಮುಕರ್ರಮ್ ಹುಟ್ಟಿದಾಗಿನಿಂದ ಯಾರ ಮೇಲೂ ಕೈ ಎತ್ತಿದವನಲ್ಲ. ಮೊದಲ ಏಟಿಗೇ ಅಭಿರಾಮನ ಮೂಗಿನ ಮೂಳೆ ಮುರಿದದ್ದು ಅವನ ಮುಷ್ಟಿಗೆ ತಿಳಿಯಿತು. ಎಣ್ಣೆಯ ಮೇಲೆ ಕಾಲು ಜಾರಿ ಇಬ್ಬರೂ ನೆಲಕ್ಕೆ ಬಿದ್ದರು. ಮುಕರ್ರಮ್ ಅವನ ಎದೆಯ ಮೇಲೆ ಕೂತು ಹೊಡೆದ. ಕೆನ್ನೆಗೆ, ಬಾಯಿಗೆ, ಕಿವಿಗೆ. ಹಲ್ಲು ತಾಗಿ ಅವನ ಬೆರಳೂ ಸೀಳಿತು. "ಮಂಜಣ್ಣ ನನಗೂ ಅಣ್ಣನ ಇದ್ದ! ನನಗೂ ಇದ್ದ!" ಎಂದು ಒಂದೊಂದು ಏಟಿಗೂ ಒದರಿದ. ಬೆಳಗ್ಗಿನಿಂದ ನುಂಗಿಕೊಂಡ ಅಳು ಅಷ್ಟೂ ಕೈಗೆ ಇಳಿದಿತ್ತು. ಕೆಳಗಿದ್ದವನು ತಡೆಯುವುದನ್ನು ನಿಲ್ಲಿಸಿದ್ದ. ಅದು ಕಂಡರೂ ಮುಕರ್ರಮ್ ನಿಲ್ಲಿಸಲಿಲ್ಲ. ಎರಡೂ ಕೈ ಅಭಿರಾಮನ ಕುತ್ತಿಗೆಗೆ ಹೋದವು.

ಅವನನ್ನು ಹಿಂದಿನಿಂದ ಹಿಡಿದೆಳೆದವನು ಫರಾಜ್. ಒಂದು ತೋಳಿನ ಚರ್ಮ ಬೊಬ್ಬೆಯೆದ್ದು ಜೋಲುತ್ತಿತ್ತು. ಇನ್ನೊಂದು ತೋಳನ್ನು ಮುಕರ್ರಮನ ಗಂಟಲಿಗೆ ಹಾಕಿ, "ಸಾಕು, ಸತ್ತುಹೋಗುತ್ತಾನೆ, ಸಾಕು," ಎಂದು ಅಳುತ್ತಲೇ ಅವನನ್ನು ಫ್ರಿಜ್ಜಿನವರೆಗೂ ಎಳೆದೊಯ್ದ.

ಕೆಳಗಿನ ಮನೆಯವರು ಪೊಲೀಸರನ್ನು ಕರೆದಿದ್ದರು. ಬಂದವರು ಪಿಸ್ತೂಲಿನ ಮೇಲೆ ಕೈಯಿಟ್ಟೇ ಒಳಗೆ ಬಂದರು. ಮುಕರ್ರಮನನ್ನು ಮಂಡಿಯೂರಿಸಿ, ಕೈಗಳನ್ನು ಬೆನ್ನ ಹಿಂದೆ ತಿರುಚಿ ಬೇಡಿ ಹಾಕಿ, ಅಕ್ಕಪಕ್ಕದವರೆಲ್ಲ ನೋಡುತ್ತಿರುವಂತೆ ಮೆಟ್ಟಿಲ ಮೇಲೆ ಕೂರಿಸಿದರು. ಒಳಗೆ ನಡೆದ ವಿಚಾರಣೆ ಅವನಿಗೆ ಕೇಳಿಸುತ್ತಿತ್ತು. ಬಾಣಲೆ ಕೈಜಾರಿತು ಎಂದ ಫರಾಜ್. ಅಭಿರಾಮ್ ರಕ್ತ ಉಗುಳಿ, "ಕೈಜಾರಲಿಲ್ಲ, ನಾನೇ ಎಸೆದೆ. ಮೆಟ್ಟಿಲ ಮೇಲಿರುವವನು ತಡೆಯಲು ಬಂದ, ಅಷ್ಟೇ," ಎಂದು ಇಂಗ್ಲಿಷಿನಲ್ಲಿ ಹೇಳಿದ. ಪೊಲೀಸರು ಎಷ್ಟು ಕೇಳಿದರೂ ಇಬ್ಬರಲ್ಲಿ ಒಬ್ಬನೂ ದೂರು ಕೊಡಲಿಲ್ಲ. ಕೊನೆಗೆ ಬೇಸತ್ತು ಬೇಡಿ ಬಿಚ್ಚಿದರು. ಗಾಯಾಳುಗಳನ್ನು ಆಂಬುಲೆನ್ಸು ಕರೆದೊಯ್ದಿತು.

ಮಾರನೆಯ ದಿನ ಫರಾಜ್ ತೋಳಿಗೆ ಬ್ಯಾಂಡೇಜು ಸುತ್ತಿಸಿಕೊಂಡು ಬಂದು ಬಟ್ಟೆಬರೆ ಕಟ್ಟಿದ. ಹತ್ತಿರದ ಊರು ಪ್ಲೆಸೆಂಟನ್ನಿನಲ್ಲಿ ಅವನ ಚಿಕ್ಕಪ್ಪನ ಮಗನಿದ್ದ. ಪೆಟ್ಟಿಗೆಯನ್ನು ಕಾರಿಗಿಟ್ಟುಕೊಟ್ಟ ಮುಕರ್ರಮ್, "ಅಭಿಯ ಪರವಾಗಿ ನಾನು ಕ್ಷಮೆ ಕೇಳುತ್ತೇನೆ," ಎಂದ.

ಫರಾಜ್ ಒಂದೇ ಕೈಯಲ್ಲಿ ಡಿಕ್ಕಿ ಮುಚ್ಚಿದ. "ಅವನಿಗೆ ಹುಚ್ಚು ಹಿಡಿದಿತ್ತು, ಅದು ನನಗೆ ಅರ್ಥವಾಗುತ್ತೆ. ನಿಜ ಹೇಳಬೇಕೆಂದರೆ ನಾನು ಹೆದರಿದ್ದು ನಿನ್ನನ್ನು ನೋಡಿ." ಹಾಗೆಂದವನು ಕೈಕುಲುಕದೆ ಹೊರಟುಹೋದ.

ಮುಕರ್ರಮ್ ಅಡುಗೆಮನೆಗೆ ಹೋಗಿ ನೆಲದ ಮೇಲೆ ಕೂತ. ಎಣ್ಣೆ ನೆಲಕ್ಕೆ ಜಿಗುಟಾಗಿ ಅಂಟಿತ್ತು. ಕಾಳು, ರಕ್ತ, ತುಳಿದು ಹಿಟ್ಟಾದ ಆಲೂಗಡ್ಡೆ. ಬಿಸಿನೀರು ಹಾಕಿ ಉಜ್ಜುತ್ತಿದ್ದಾಗ ತನ್ನ ಬೆರಳುಗಳು ಅಭಿರಾಮನ ಗಂಟಲಲ್ಲಿ ಎಷ್ಟು ಸಲೀಸಾಗಿ ಕೂತಿದ್ದವೆಂಬುದು ನೆನಪಾಗಿ ವಾಂತಿ ಮಾಡಿಕೊಂಡ.

ಅದರ ಮರುದಿನ ಅಭಿರಾಮನನ್ನು ಏರ್‌ಪೋರ್ಟಿಗೆ ಬಿಡಲು ಮುಕರ್ರಮನೇ ಹೊರಟ. ಟ್ಯಾಕ್ಸಿ ಕರೆಯಲೇ ಎಂದು ಕೇಳಿದಾಗ ಅಭಿರಾಮ್ ಬೇಡವೆಂದು ತಲೆಯಾಡಿಸಿದ್ದ. ಅಭಿರಾಮನ ಮೂಗಿಗೆ ಪಟ್ಟಿ, ಕಣ್ಣುಗಳ ಸುತ್ತ ನೀಲಿ, ಕುತ್ತಿಗೆಯಲ್ಲಿ ಬೆರಳಿನ ಗುರುತು. ಟರ್ಮಿನಲ್ಲಿನ ಮುಂದೆ ಕಾರು ನಿಂತ ಮೇಲೆ ಅವನು ಬಾಯಿಬಿಟ್ಟ.

"ಅಮ್ಮ ಮುಖ ನೋಡಿ ಕೇಳ್ತಾರೆ. ಏನ್ ಹೇಳ್ಲೋ?"

"ಮುಕರ್ರಮ್ ಹೊಡದಾ ಅಂತ ಹೇಳು."

ಅಭಿರಾಮ್ ಒಡೆದ ತುಟಿಯನ್ನು ಕಷ್ಟಪಟ್ಟು ಅಲ್ಲಾಡಿಸಿದ. "ನಂಬಲ್ಲ ಕಣೋ ಅವರು."

ಚೀಲ ಹೆಗಲಿಗೇರಿಸಿ ಇಳಿದು ನಡೆದ. ಹಿಂದಿನ ಕಾರಿನವನು ಹಾರ್ನು ಬಾರಿಸುತ್ತಲೇ ಇದ್ದ. ಮುಕರ್ರಮ್ ಗೇರು ಹಾಕಲಿಲ್ಲ. ಸ್ಟೀರಿಂಗಿಗೆ ಹಣೆಯೊತ್ತಿ, ಮೊದಲ ಸಲ ದನಿ ತೆಗೆದು, ಮಂಜಣ್ಣನಿಗಾಗಿ ಅತ್ತ.