ಇಸ್ತ್ರಿ ಪೆಟ್ಟಿಗೆಯ ಗುರುತು

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು, ಗುಬ್ಬಿಯೇ ಇರಬೇಕು, ನನ್ನ ಓರಗಿತ್ತಿ, ಎರಡು ಮೆಟ್ಟಿಲಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುವವಳು ಈ ಕಟ್ಟಡದಲ್ಲಿ ಅವಳೊಬ್ಬಳೇ, ಅದೂ ಇವತ್ತು ಕೈಯಲ್ಲಿ ಕೂಸು ಬೇರೆ, ಮಣ್ಣಿನ ಕೂಸಾದರೂ ಕೂಸೇ, ಜೋಪಾನ — ಚರ್ಚಿನ ಮೊದಲ ಗಂಟೆ ಆಗಲೇ ಹೊಡೆಯಿತು, ಎರಡನೆಯದಕ್ಕೆ ಇನ್ನು ಹೆಚ್ಚು ಹೊತ್ತಿಲ್ಲ, ಬಿಸಿಲು ಮಂಚದ ಕಾಲಿನವರೆಗೆ ಬಂದಿದೆ, ಹಾಸಿಗೆ ಹಿಡಿದ ಇವರ ಮಗ್ಗುಲು ಬದಲಿಸಬೇಕು, ಎಡಕ್ಕೆ ಎರಡು ತಾಸು, ಬಲಕ್ಕೆ ಎರಡು ತಾಸು, ಏಳು ತಿಂಗಳಿಂದ ನನ್ನ ಗಡಿಯಾರ ಇದೇ, ಕ್ರಿಸ್‌ಮಸ್ ಅಂತ ಬೆನ್ನಿನ ಹುಣ್ಣು ರಜೆ ಹಾಕುತ್ತದೆಯೇ. ಬರಲಿ ಅವಳು. ಬಂದು ಕೇಳಲಿ, ಬಟ್ಟೆ ಹೇಗೆ ಸುಟ್ಟಿತು ಅಂತ. ಏನು ಹೇಳಲಿ, ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ಇಸ್ತ್ರಿ ಮಾಡಿದ ಕೈ ಇದು, ದಿನಕ್ಕೆ ಇನ್ನೂರು ಹಾಸಿಗೆ ಹೊದಿಕೆ, ಒಂದಕ್ಕೂ ಕಲೆ ಬಿದ್ದಿಲ್ಲ, ಯಾವ ಬಟ್ಟೆ ಎಷ್ಟು ಕಾವು ತಡೆಯುತ್ತದೆ ಅಂತ ಮುಟ್ಟಿದರೆ ಬೆರಳೇ ಹೇಳುತ್ತದೆ, ಕೈ ತಪ್ಪಿತು ಅಂದರೆ ಲಾಂಡ್ರಿಯ ಬೆಕ್ಕೂ ನಂಬಲಿಕ್ಕಿಲ್ಲ. ತಪ್ಪಲಿಲ್ಲ. ಮೊನ್ನೆ ಆ ಬಿಳಿ ಬಟ್ಟೆಯ ನಟ್ಟನಡುವೆ ಪೆಟ್ಟಿಗೆ ಇಟ್ಟು ನಾನೇ ಎಣಿಸಿದೆ, ಒಂದು, ಎರಡು, ಮೂರು, ನಾಲ್ಕಕ್ಕೆ ವಾಸನೆ ಬಂತು, ಏಳರವರೆಗೂ ಕಾದೆ, ಎತ್ತಿದಾಗ ಕಂದು ಗುರುತು, ಪೆಟ್ಟಿಗೆಯದೇ ಆಕಾರ, ಮೂತಿ ಚೂಪು, ಹಿಂದೆ ಅಗಲ. ನೀಟಾಗಿ ಮಡಚಿ, ಕಾಗದ ಸುತ್ತಿ, ಅವಳ ಮನೆಗೆ ಕಳಿಸಿದೆ.

ವರ್ಷಕ್ಕೊಂದು ಮನೆ, ಅದು ನಮ್ಮ ಚರ್ಚಿನ ಲೆಕ್ಕ, ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ವಾರ ಗೋದಲಿಯ ಹುಲ್ಲಿನ ತೊಟ್ಟಿಲು ಖಾಲಿ ಇರುತ್ತದೆ, ಮಣ್ಣಿನ ಬಾಲಯೇಸು ಸರದಿಯ ಮನೆಯಲ್ಲಿ, ಹಬ್ಬದ ಬೆಳಿಗ್ಗೆ ಆ ಮನೆಯ ಹೆಂಗಸು ಅವನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಎಲ್ಲರ ಮುಂದೆ ನಡೆದುಹೋಗಿ ಹುಲ್ಲಿನ ಮೇಲೆ ಮಲಗಿಸುತ್ತಾಳೆ, ಹದಿನಾಲ್ಕು ವರ್ಷ ಕಾದಿದ್ದೆ, ಈ ವರ್ಷ ನಮ್ಮ ಸರದಿ. ಫಾದರ್ ಬಂದು ಇದೇ ಸ್ಟೂಲಿನ ಮೇಲೆ ಕೂತು, ನಿನಗ್ಯಾಕಮ್ಮ ಈ ವರ್ಷ ಇನ್ನೊಂದು ಹೊರೆ, ಗುಬ್ಬಿ ನೋಡ್ಕೋತಾಳೆ, ನೀನು ಬಟ್ಟೆ ಒಗೆದು ಇಸ್ತ್ರಿ ಮಾಡ್ಕೊಟ್ರೆ ಸಾಕು, ಅಂದರು. ಒಳ್ಳೆಯ ಮನುಷ್ಯ, ನನ್ನ ಕೈಯಿಂದ ಕಿತ್ತುಕೊಂಡದ್ದು ತನಗೇ ಗೊತ್ತಾಗಲಿಲ್ಲ. ಬಟ್ಟೆ ನನಗೆ, ಕೂಸು ಅವಳಿಗೆ. ಎಲ್ಲದರಲ್ಲೂ ಹೀಗೇ ಆಯಿತಲ್ಲ, ಅಣ್ಣ ತಮ್ಮ ಇಬ್ಬರೂ ಬಣ್ಣ ಬಳಿಯುತ್ತಾ ನಿಂತದ್ದು ಒಂದೇ ಹಲಗೆಯ ಮೇಲೆ, ಮುರಿದದ್ದು ಒಂದೇ ಹಲಗೆ, ತಮ್ಮ ಬಿದ್ದದ್ದು ಮರಳಿನ ರಾಶಿಗೆ, ಇವರು ಕಲ್ಲಿನ ಮೆಟ್ಟಿಲಿಗೆ, ಮೂರು ವಾರಕ್ಕೆ ಮೈದುನ ಎದ್ದು ನಡೆದ, ಚರ್ಚಿನಲ್ಲಿ ನಿಂತು ದೇವರು ನನ್ನನ್ನ ಮರಳಿನ ಮೇಲೆ ಇಳಿಸಿದ ಅಂತ ಸಾಕ್ಷಿ ಹೇಳಿದ, ಜನ ಕಣ್ಣೊರೆಸಿಕೊಂಡರು, ಹಾಗಾದರೆ ಇವರನ್ನು ಕಲ್ಲಿನ ಮೇಲೆ ಇಳಿಸಿದವನು ಯಾರು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ. ಸಂಜೆ ಗುಬ್ಬಿಯ ಮನೆಯ ಮುಂದೆ ಹಾದುಹೋಗುವಾಗ ಒಳಗೆ ಮೈದುನ ಕೆಮ್ಮಿದ್ದು ಕೇಳುತ್ತದೆ, ಅವಳ ಗಂಡನ ಕೆಮ್ಮಿಗೂ ಹೊಟ್ಟೆ ಉರಿಯುತ್ತದೆ ಅಂದರೆ ನಾನೆಂಥ ಹೆಂಗಸು, ಉರಿಯುತ್ತದೆ, ಏನು ಮಾಡಲಿ.

ಬಾಗಿಲು ತಟ್ಟದೆ ಬಂದೇಬಿಟ್ಟಳು. ಕೂಸು ಅದೇ ಬಟ್ಟೆಯಲ್ಲಿ, ಗುರುತು ಎದೆಯ ಮೇಲೆಯೇ, ಮುಚ್ಚುವ ಪ್ರಯತ್ನವೂ ಇಲ್ಲ, ಈಗ ಶುರುವಾಗುತ್ತದೆ ಜಗಳ, ಮೂರು ದಿನದಿಂದ ಉತ್ತರ ಸಾಣೆ ಹಿಡಿದು ಇಟ್ಟುಕೊಂಡಿದ್ದೇನೆ, ಬರಲಿ — ಅಕ್ಕ, ಇಸ್ತ್ರಿ ಮಾಡ್ತಾ ನಿಂತಲ್ಲೇ ನಿದ್ದೆ ಹೋಗಿಬಿಟ್ಟಿದ್ಯಾ, ಇಷ್ಟು ಸುಸ್ತಾಗಿದ್ರೆ ನನಗೊಂದು ಮಾತು ಹೇಳ್ಬಾರ್ದಾ, ಫಾದರ್ ಹತ್ರ ನಾನೇ ಸುಟ್ಟೆ ಅಂತ ಹೇಳಿದೀನಿ, ನೀನು ಬಾಯಿ ಬಿಡ್ಬೇಡ, ಅಂದಳು. ಕೆನ್ನೆಗೆ ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ನನ್ನ ಕೆಟ್ಟತನವನ್ನೂ ಕಸಿದುಕೊಂಡಳಲ್ಲ, ಅದೊಂದಾದರೂ ನನ್ನದಾಗಿತ್ತು. ಸರದಿ ನಿಮ್ಮ ಮನೇದು, ಮೊದಲು ಭಾವನ ಹತ್ರ ಬರ್ಬೇಕು ಅಂತ ಇಲ್ಲಿಗೆ ತಂದೆ, ಅನ್ನುತ್ತಾ ಇವರ ಎದೆಯ ಮೇಲೆ ಕೂಸನ್ನು ಇಟ್ಟು ಇವರ ಬಲಗೈಯನ್ನು ಅದರ ಮೇಲಿಟ್ಟಳು, ಇವರ ಕಣ್ಣು ಸೂರು ನೋಡುತ್ತಿದೆ, ಎಂದಿನಂತೆ, ಕಟವಾಯಿಯಲ್ಲಿ ಜೊಲ್ಲು, ನಾನು ಒರೆಸಲು ಬಗ್ಗಿದೆ, ಎರಡನೆಯ ಗಂಟೆ ಹೊಡೆಯಿತು, ಅವಳು ಕೂಸನ್ನು ಎತ್ತಿದಳು, ಕೂಸು ಬಂತು, ಬಟ್ಟೆ ಬರಲಿಲ್ಲ. ಎರಡು ಬೆರಳು. ಹೆಬ್ಬೆರಳು ಮತ್ತು ಪಕ್ಕದ್ದು, ಬಟ್ಟೆಯನ್ನು ಹಿಡಿದಿವೆ, ಎಳೆದರೂ ಬಿಡುತ್ತಿಲ್ಲ. ಬಿಡಿಸ್ಬೇಡ ಅಕ್ಕ, ಅಂದಳು ಗುಬ್ಬಿ, ಬರಿಮೈ ಕೂಸು ಅವಳ ಕೈಯಲ್ಲಿ, ಮೊಣಕಾಲಿನ ಬಣ್ಣ ಎದ್ದುಹೋಗಿದೆ, ಮಂಚದ ಸರಳಿನ ಮೇಲಿದ್ದ ಜೊಲ್ಲು ಒರೆಸುವ ಬಟ್ಟೆಯನ್ನು ಎಳೆದು ಸುತ್ತತೊಡಗಿದಳು, ಅದು ಬೇಡ, ಅದು ಇವರ ಬಾಯಿ ಒರೆಸೋದು, ಬೇರೆ ಕೊಡ್ತೀನಿ ಇರು ಅಂದೆ. ನೀನು ಒಗೆದಿದ್ದಲ್ವಾ, ಅಷ್ಟು ಸಾಕು, ಅಂದವಳೇ ಇಳಿದುಹೋದಳು, ಈ ಸಲ ಎಲ್ಲೂ ನಿಲ್ಲದೆ.

ಈಗ ಚರ್ಚಿನಿಂದ ಹಾಡು ಕೇಳುತ್ತಿದೆ, ಅವಳು ನಡುದಾರಿಯಲ್ಲಿ ನಡೆಯುತ್ತಿರಬೇಕು, ಎಲ್ಲರೂ ಎದ್ದು ನಿಂತಿರಬೇಕು. ಏಳು ತಿಂಗಳು, ರೀ, ದಿನಾ ಬೆಳಿಗ್ಗೆ ಈ ಅಂಗೈಯಲ್ಲಿ ನನ್ನ ಬೆರಳಿಟ್ಟು ಹಿಡೀರಿ ಅಂತ ಬೇಡಿಕೊಂಡೆ, ಹಿಡಿಯಲಿಲ್ಲ, ಒಂದು ಗೊಂಬೆಗೆ ಹಿಡಿದಿರಿ — ನರ್ಸ್ ಹೇಳಿದ್ದಳು, ಯಾವಾಗಲಾದರೂ ನರ ಎಳೆಯಬಹುದು, ಆಸೆ ಇಟ್ಕೋಬೇಡಿ, ನರವೇ ಇರಲಿ, ನನಗೆ ಯಾಕೆ ಎಳೆಯಲಿಲ್ಲ. ಓರಗಿತ್ತಿಯ ಮೇಲೆ ಆಯಿತು, ಈಗ ದೇವರ ಮೇಲೂ ಹೊಟ್ಟೆಕಿಚ್ಚು. ದೇವರು ಅಂದರೆ ಯಾರು, ಕತ್ತು ನಿಲ್ಲದ ಕೂಸು, ಮಗ್ಗುಲು ತಾನೇ ಬದಲಿಸಲಾರದ್ದು, ಬಾಯಿ ಒರೆಸಬೇಕು, ಕೆಳಗಿನ ಬಟ್ಟೆ ಬದಲಿಸಬೇಕು, ಬೇಕೆಂದೇ ಹಾಗೆ ಬಂದನಂತೆ, ಇನ್ನೊಬ್ಬರ ಕೈಗೆ, ಅವನ ತಾಯಿ ಮರಿಯಮ್ಮನೂ ಒಗೆದಿರಲೇಬೇಕು, ಅದನ್ನು ಯಾರೂ ಬರೆಯಲಿಲ್ಲ, ಆ ಕೆಲಸ ಅವಳಿಗೆ ಗೊತ್ತು, ನನಗೆ ಗೊತ್ತು, ಗುಬ್ಬಿಗೆ ಗೊತ್ತಿಲ್ಲ, ಇದೊಂದರಲ್ಲಿ ನಾನೇ ಮೇಲು — ನೋಡು, ಇಲ್ಲೂ ಅದೇ ಬುದ್ಧಿ. ಏಳು ತಿಂಗಳು ಆ ದೇವರು ಈ ಕೋಣೆಯಲ್ಲಿ ಇಲ್ಲ ಅಂದುಕೊಂಡೇ ಈ ಮಂಚದ ಹೊದಿಕೆ ಬದಲಿಸಿದೆ. ರೀ, ಅದನ್ನ ಸುಟ್ಟಿದ್ದು ನಾನೇ, ನಿದ್ದೆಯಲ್ಲಲ್ಲ, ಬೇಕು ಅಂತಲೇ, ಏಳರವರೆಗೆ ಎಣಿಸಿ. ಅಂದುಬಿಟ್ಟೆ. ಬಿಸಿಲು ಮಂಚದ ಮೇಲೆ ಏರಿದೆ, ಮಗ್ಗುಲು ಬದಲಿಸುವ ಹೊತ್ತು ಮೀರಿತು, ಬೆರಳು ಬಿಡಿಸದೆ ಹೇಗೆ ಬದಲಿಸಲಿ, ಬಟ್ಟೆ ಅಷ್ಟಗಲ ಹರಡಿದೆ, ಬಿಳಿಯ ಜಾಗ ಎಷ್ಟೊಂದಿತ್ತು, ಹಿಡಿದದ್ದು ಸುಟ್ಟಲ್ಲೇ, ಕಂದು ಗುರುತು, ಎರಡು ಬೆರಳು, ಹಿಡಿದದ್ದು ಸುಟ್ಟಲ್ಲೇ, ಎರಡು ಬೆರಳು