ಎತ್ತೋ ಬಸವಣ್ಣನೋ

ಕಲ್ಯಾಣಮ್ಮ ಕೊಟ್ಟೂರಿಂದ ಹಗರಿಬೊಮ್ಮನಹಳ್ಳಿಯ ತವರುಮನಿಗೆ ಬಂದಾಗೊಮ್ಮೆ ಮೊದಲು ಮಾಡೋ ಕೆಲಸ ಒಂದ: ಅಟ್ಟದ ಮ್ಯಾಲಿನ ತಗಡಿನ ಡಬ್ಬಿ ಇಳಿಸಿ ತನ್ನ ಪ್ರಾಣಿ ಎಣಿಸೋದು. ಸಣ್ಣಾಕಿ ಇದ್ದಾಗ ಬಿನಾಕಾ ಪೇಸ್ಟಿನ ಜೋಡಿ ಬರ್ತಿದ್ದ ಪ್ಲಾಸ್ಟಿಕ್ಕಿನ ಆನಿ, ಒಂಟಿ, ಹುಲಿ, ಬಾತುಕೋಳಿ. ಮನಿಮಂದಿಯೆಲ್ಲ ಬೇವಿನಕಡ್ಡಿ ಬಿಟ್ಟು ಪೇಸ್ಟಿಗೆ ಬಿದ್ದದ್ದ ಈಕಿ ಹಠಕ್ಕ. ಈಗ ಹತ್ತೊಂಬತ್ತು ಅದಾವ. ಇಪ್ಪತ್ತನೆಯದು, ಡುಬ್ಬದ ಬಿಳಿ ಎತ್ತು, ಎಪ್ಪತ್ತನಾಲ್ಕರಾಗ ಹೋಗಿದ್ದು ಹೋಗೇಬಿಡ್ತು.

ಒಯ್ದಾಕಿ ಗಾಳೆಮ್ಮನ, ಮತ್ಯಾರು? ಶೇಂಗಾ ಸುಲಿಯಾಕ ಬರ್ತಿದ್ದ ಹುಲುಗಪ್ಪನ ಮಗಳು. ಇಬ್ಬರಿಗೂ ಆಗ ಹನ್ನೊಂದು ವರ್ಷ, ಮನಿ ಹೊರಗಿನ ಕಟ್ಟಿ ಮ್ಯಾಲೆ ಪ್ರಾಣಿಗಳ ಮೆರವಣಿಗಿ ಹೂಡ್ತಿದ್ರು. ಊರ ಹೊರಗಿನ ಆಕಿ ಕೇರಿಯವರನ್ನ ಈ ಮನಿಯಾಗ ಹೊಸ್ತಿಲು ದಾಟಿಸ್ತಿದ್ದಿಲ್ಲ. ಅವತ್ತು ಕಟ್ಟಿ ಮ್ಯಾಲೆ ಇದ್ದದ್ದು ಅವರಿಬ್ಬರ. ಕಲ್ಯಾಣಮ್ಮ ಗೆಳತಿ ಲಂಗ ಝಾಡಿಸಿ ನೋಡಿದ್ಲು. ಸಿಗಲಿಲ್ಲ. ಸಿಗಲಿಲ್ಲಂತ ಅನುಮಾನ ಮತ್ತೂ ಗಟ್ಟಿಯಾತು. ಗಾಳೆಮ್ಮ ಮತ್ತ ಕಟ್ಟಿಗೆ ಬರಲಿಲ್ಲ.

ಹನ್ನೆರಡು ವರ್ಷ ಆದಮ್ಯಾಲೆ, ಬಸವಜಯಂತಿ ಹಿಂದಿನ ದಿನ, ಆಕಿ ಬಂದ್ಲು. ಈಗ ಚಿಗಟೇರಿಯಾಗ ನರ್ಸು, ರಜಾಕ್ಕ ಅಪ್ಪನ ಮನಿಗೆ ಬಂದಾಳ; ಇಸ್ತ್ರಿ ಸೀರಿ, ಕೈಗಡಿಯಾರ. ಬಂದು ಕಟ್ಟಿ ಮ್ಯಾಲೇ ಕುಂತ್ಲು. ಕಲ್ಯಾಣಮ್ಮ ನೀರು ಕೊಟ್ಟು ಆಕಿ ಕೈ ಮ್ಯಾಲೆ ಕಣ್ಣಿಟ್ಟಳು. ಇವತ್ತೇನು ಒಯ್ಯಾಕ ಬಂದಾಳೋ ಯಪ್ಪಾ! ಆ ಕೈ ಒಂದು ಬಿಳಿ ಎತ್ತನ್ನ ಚೀಲದಿಂದ ತಗದು ಕಟ್ಟಿ ಮ್ಯಾಲೆ ಇಟ್ಟಿತು. ಡಾಕ್ಟರ ಮಗ ಆಡಿ ಬಿಟ್ಟಿದ್ದು, ನಿನ್ನ ಡಬ್ಬಿ ತುಂಬಲಿ ಅಂತ ಕೇಳಿ ತಂದೆ ಅಂದ್ಲು.

ಡಾಕ್ಟರ ಮಗನಂತ! ಯಾರ ಕಿವಿಗೆ ಹೂವ ಇಡ್ತಾಳ? ಕಲ್ಯಾಣಮ್ಮಗ ಮೈಯೆಲ್ಲ ಉರೀತು, ಕಳ್ಳಿ ಸಿಕ್ಕಳಲ್ಲ ಅಂತ ಖುಷಿನೂ ಆತು.

"ತಿರುಗಿ ಕೊಡಾಕ ಹನ್ನೆರಡು ವರ್ಷ ಬೇಕಾತೇನ ನಿನಗ?"

ಗಾಳೆಮ್ಮ ಆಕಿ ಮುಖಾನ ನೋಡಿದ್ಲು. ನೀರು ಕುಡೀದನ ಲೋಟ ಕೆಳಗಿಟ್ಟು ಎದ್ದು ಹೋದ್ಲು.

ಸಂಜಿಗೆ ಅವ್ವ ನಾಗಲಿಂಗಮ್ಮ ಹಬ್ಬಕ್ಕಂತ ದೇವರ ಜಗಲಿ ಮ್ಯಾಲಿನ ಸಾಮಾನೆಲ್ಲ ತೊಳಿಯಾಕ ಕೊಟ್ಲು. ಹಿತ್ತಾಳಿವು ತೊಳಿ, ಆ ಸಣ್ಣ ಬಸವಣ್ಣ ಮಣ್ಣಿಂದು, ನೀರು ಮುಟ್ಟಿಸಬ್ಯಾಡ, ಕರಗೀತು ಅಂತ ವರ್ಷಾ ವರ್ಷಾ ಹೇಳೋ ಮಾತ ಈ ಸಲಾನೂ ಹೇಳಿದ್ಲು. ಅಷ್ಟರಾಗ ಅದು ಕಲ್ಯಾಣಮ್ಮನ ಕೈ ಜಾರಿ ಬಕೀಟಿಗೆ ಬಿತ್ತು. ಕರಗಲಿಲ್ಲ. ತೇಲಿತು. ಹೆಪ್ಪುಗಟ್ಟಿದ ವಿಭೂತಿ, ಎಣ್ಣಿಜಿಡ್ಡು ಕಳಚಿಕೊಂಡು ಡುಬ್ಬ ಕಾಣಿಸ್ತು. ಮದುವಿಯಾಗಿ ಹೋಗೋತನಕ ಈಕಿ ದಿನಾ ಕೈ ಮುಗಿದಿದ್ದು ಇದಕ್ಕ.

ಮಗಳ ಮುಖ ಕಂಡು ನಾಗಲಿಂಗಮ್ಮ ಗಾಬರಿಯಾದ್ಲು.

"ನೀ ಕೇಳಿದ್ದು ಎತ್ತವ್ವಾ. ಕಟ್ಟಿ ಗುಡಿಸೋವಾಗ ನನಗ ಸಿಕ್ಕಿದ್ದು ಬಸವಣ್ಣ."

ಎರಡೂ ಎತ್ತು ಮುಷ್ಟಿಯಾಗ ಹಿಡಕೊಂಡು ಕಲ್ಯಾಣಮ್ಮ ಓಡಿದ್ಲು. ಓಡಿ ಓಡಿ ಕೇರಿ ಬಾಯಿಗೆ ಬಂದು ನಿಂತುಬಿಟ್ಲು. ಹುಟ್ಟಿ ಬೆಳೆದ ಊರಾಗ ಅಲ್ಲಿಂದ ಮುಂದ ಒಮ್ಮೆನೂ ಕಾಲಿಟ್ಟಾಕಿ ಅಲ್ಲ. ಗಾಳೆಮ್ಮನ ಮನಿ ಬಾಗಿಲು ಯಾವುದಂತ ಆಕೀಗೆ ಗೊತ್ತಿದ್ದಿಲ್ಲ.